ಕಾರಿಗೆ ಕೈಗುಣ ಹುಡುಕಿದ್ದು

ನಮ್ಮ ಊರಿನಲ್ಲಿ ಕಾರನ್ನು ಸರ್ವೀಸಿಗೆ ಬಿಡುವ ಮೊದಲು ಮೆಕ್ಯಾನಿಕ್‌ನ ಮನೆಗೆ ಹೋಗಿ ಕಾಫಿ ಕುಡಿದು ಬರುವುದು ರೂಢಿ. ಹೆಣ್ಣು ನೋಡಲು ಹೋದ ಹಾಗೆಯೇ. ಮನೆ ಹೇಗಿದೆ, ಮಾತು ಹೇಗೆ, ಹೆಂಡತಿಯನ್ನು ಏನೆಂದು ಕರೆಯುತ್ತಾನೆ, ಕಾಫಿ ತಡವಾದರೆ ಮುಖ ಗಂಟಿಕ್ಕುತ್ತಾನೋ ಇಲ್ಲವೋ ಎಲ್ಲ ನೋಡಿಕೊಂಡು, ಬರುವಾಗ ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿಕೊಂಡು ಬರಬೇಕು. ಯಾಕೆಂದರೆ ಇಲ್ಲಿ ಯಾರು ಏನನ್ನು ರಿಪೇರಿ ಮಾಡಿದರೂ ಅವರ ಗುಣ ಆ ವಸ್ತುವಿಗೆ ಹೋಗುತ್ತದೆ. ನಮ್ಮ ನಡುಮನೆಯ ಫ್ಯಾನಿಗೆ ಹಿಂದೊಮ್ಮೆ ನಮ್ಮ ಯಜಮಾನರೇ ಕಂಡೆನ್ಸರ್ ಬದಲಾಯಿಸಿದರು. ಅಂದಿನಿಂದ ಅದು ಮಧ್ಯಾಹ್ನದ ಊಟವಾದ ಮೇಲೆ ನಿಂತುಬಿಡುತ್ತದೆ, ಕಾಫಿಯ ಹೊತ್ತಿಗೆ ತಾನೇ ಎದ್ದು ತಿರುಗುತ್ತದೆ. ಎದುರು ಮನೆಯ ಗುಲಾಬಿಯ ಹೊಲಿಗೆ ಯಂತ್ರವನ್ನು ಸರಿಮಾಡಿದವನು ದೊಡ್ಡ ಮಾತುಗಾರ. ಅದು ದಾರ ಮುಗಿದರೂ ನಿಲ್ಲುವುದಿಲ್ಲ. ಇದೆಲ್ಲ ನಮಗೆ ಅಭ್ಯಾಸವಾಗಿದೆ.

ನಾನು ಮಾತ್ರ ಏನನ್ನೂ ರಿಪೇರಿ ಮಾಡುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅಮ್ಮನ ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತಿಕೊಟ್ಟಿದ್ದೆ. ಆಮೇಲೆ ಆ ಕೊಡೆ ಕಿಟಕಿಯಲ್ಲಿ ಒಂದು ಮೋಡ ಕಂಡರೂ ಸಾಕು, ಮೊಳೆಗೆ ತೂಗುಹಾಕಿದಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಅಮ್ಮ ಅದನ್ನು ಸೆಣಬಿನ ಹುರಿಯಿಂದ ಬಿಗಿದು ಅಟ್ಟಕ್ಕೆ ಹಾಕಿದರು. ಅಲ್ಲಿಂದೀಚೆಗೆ ನಾನು ಒಂದು ಗುಂಡಿಯನ್ನೂ ಹೊಲಿದಿಲ್ಲ. ನಮ್ಮ ಮನೆಯ ಗುಂಡಿಗಳನ್ನೆಲ್ಲ ಗುಲಾಬಿಯೇ ಹಾಕಿಕೊಡುತ್ತಾಳೆ. ನನ್ನ ಗುಣ ನನಗೆ ಗೊತ್ತು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಮದುವೆಯಾದ ಮೇಲೆ ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮಾಡಿಕೊಂಡೆ. ಪ್ರತಿ ಪರೀಕ್ಷೆಯ ದಿನವೂ ಕಾಲೇಜಿನ ಗೇಟಿನವರೆಗೆ ಬಂದವಳು ನೋಂದಣಿ ಸಂಖ್ಯೆ ಸರಿಯಾಗಿ ಬರೆದೆನೋ ಇಲ್ಲವೋ ಎಂದು ವಾಪಸು ಓಡುತ್ತಿದ್ದೆ. ಇಂಥವಳ ಕೈ ಬಿದ್ದ ವಸ್ತುವನ್ನು ಯಾರು ತಾನೇ ಇಟ್ಟುಕೊಂಡಾರು?

ಎಲೆಕ್ಟ್ರಿಕ್ ಕಾರು ತೆಗೆದುಕೊಂಡದ್ದೂ ಇದೇ ಕಾರಣಕ್ಕೆ. ಆಯಿಲ್ ಬದಲಿಸುವುದಿಲ್ಲ, ಪ್ಲಗ್ ಬಿಚ್ಚುವುದಿಲ್ಲ, ಹೊಸದರಲ್ಲಿ ಯಾರ ಕೈಯೂ ಬೀಳಬೇಕಾಗಿಲ್ಲ ಎಂದು ಕೇಳಿದ್ದೆ. ಎರಡು ವರ್ಷ ಹಾಗೆಯೇ ಓಡಿತು. ಅದಕ್ಕೆ ಯಾವ ಗುಣವೂ ಇರಲಿಲ್ಲ. ತಿರುಗಿಸಿದ ಕಡೆ ತಿರುಗಿ, ನಿಲ್ಲಿಸಿದಲ್ಲಿ ನಿಲ್ಲುತ್ತಿತ್ತು. ಆಮೇಲೆ ಒಂದು ದಿನ ಗುಡ್ಡದ ಏರಿನಲ್ಲಿ ಎದುರಿನ ತೆರೆಯ ಮೇಲೆ ಹಳದಿ ಬಣ್ಣದ ಆಮೆಯ ಚಿತ್ರ ಬಂತು, ಕಾರು ನಡೆಯುವ ಮನುಷ್ಯನ ವೇಗಕ್ಕೆ ಇಳಿಯಿತು. ಬ್ಯಾಟರಿಯನ್ನು ತಣ್ಣಗಿಡುವ ನೀರಿನ ಪಂಪು ಕೆಟ್ಟರೆ ಹೀಗಾಗುತ್ತದೆ ಎಂದು ಕಂಪನಿಯ ಕೈಪಿಡಿಯಲ್ಲಿತ್ತು. ಹತ್ತಿರದ ಅಧಿಕೃತ ಡೀಲರನ್ನು ಸಂಪರ್ಕಿಸಿ ಎಂದೂ ಇತ್ತು.

ಬೇರೆ ಸಮಯವಾಗಿದ್ದರೆ ನಿಧಾನವಾಗಿ ವಿಚಾರಿಸುತ್ತಿದ್ದೆ. ಆದರೆ ಮಗಳು ಮೇದಿನಿ ಬಾಣಂತನಕ್ಕೆ ಬಂದಿದ್ದಳು. ಅಳಿಯ ದೂರದ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ, ರಜೆ ಸಿಕ್ಕರೆ ಬರುತ್ತಾನೆ. ನಮ್ಮ ಯಜಮಾನರಿಗೆ ಒಂದು ಕಣ್ಣು ಮಂಜು, ಕಾರು ಓಡಿಸುವವಳು ನಾನೊಬ್ಬಳೇ. ಹೆರಿಗೆ ಆಸ್ಪತ್ರೆ ಇರುವುದು ಗುಡ್ಡದ ಆಚೆ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ನೋವು ಕಾಣಿಸಿಕೊಂಡ ಮೇಲೆ ದಾರಿಯಲ್ಲಿ ತಡವಾದರೆ ತಾಯಿಗೂ ಮಗುವಿಗೂ ಅಪಾಯ ಎಂದು ಡಾಕ್ಟರಮ್ಮ ನನ್ನ ಮುಖ ನೋಡಿಯೇ ಹೇಳಿದ್ದರು. ಆಸ್ಪತ್ರೆಯಲ್ಲಿರುವುದು ಹತ್ತೇ ಹಾಸಿಗೆ, ಮುಂಚೆಯೇ ಬಂದು ಮಲಗಲು ಜಾಗವಿಲ್ಲ. ಊರಿನ ಆಂಬುಲೆನ್ಸನ್ನು ನಂಬುವಂತಿರಲಿಲ್ಲ. ಅದನ್ನು ರಿಪೇರಿ ಮಾಡಿದವನು ಬಹಳ ಜನಸಂಗದ ಮನುಷ್ಯ. ಅದು ಬೀದಿಬೀದಿಯಲ್ಲಿ ಗುರುತಿನವರ ಮನೆಯ ಮುಂದೆಲ್ಲ ನಿಂತುಕೊಂಡೇ ಬರುತ್ತದೆ.

ಮೊದಲು ಹೋದದ್ದು ಬಸ್ ನಿಲ್ದಾಣದ ಹತ್ತಿರದ ದೊಡ್ಡ ಗಾಜಿನ ಷೋರೂಮಿಗೆ. ಬಾಗಿಲಲ್ಲೇ ಬೋರ್ಡು ಹಾಕಿದ್ದರು: ನಮ್ಮ ಸಿಬ್ಬಂದಿ ಸದಾ ಕೈಗವಸು ಧರಿಸುತ್ತಾರೆ, ಯಾರ ಗುಣವೂ ಅಂಟುವುದಿಲ್ಲ. ಟೈ ಕಟ್ಟಿದ ಸಲಹೆಗಾರರೊಬ್ಬರು ನೀರು ತಂದುಕೊಟ್ಟು ಕೂರಿಸಿದರು.

“ರಿಪೇರಿ ಮಾಡೋ ಮೆಕ್ಯಾನಿಕ್ ಯಾರು ಸರ್?” ಎಂದು ಕೇಳಿದೆ.

“ಮೇಡಂ, ನಮ್ಮಲ್ಲಿ ಮೆಕ್ಯಾನಿಕ್ ಅಂತಿಲ್ಲ. ಟೀಮ್ ಅಂತೀವಿ.”

“ಹಾಗಾದ್ರೆ ಟೀಮಿನ ಮನೆ ಎಲ್ಲಿ?”

ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ. ಅಷ್ಟರಲ್ಲಿ ಹೊರಗೆ ಒಬ್ಬರು ರಿಪೇರಿಯಾದ ಕಾರನ್ನು ತೆಗೆದುಕೊಂಡು ಹೊರಟಿದ್ದರು. ಎಡಗಡೆಯ ವೈಪರಿಗೂ ಬಲಗಡೆಯದಕ್ಕೂ ಮಾತಿಲ್ಲದಂತಿತ್ತು. ಇದು ಆಡಿದರೆ ಅದು ನಿಲ್ಲುತ್ತಿತ್ತು, ಅದು ಎದ್ದರೆ ಇದು ಮಲಗುತ್ತಿತ್ತು. ಹತ್ತು ಜನರ ಕೈ ಬಿದ್ದರೆ ಹೀಗೆಯೇ. ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಹಳೇ ಸಂತೆಮಾಳದ ಡೀಲರ ಹತ್ತಿರ ನೇಮಿರಾಜ ಎನ್ನುವವರಿದ್ದಾರೆ, ಬಂಗಾರದಂಥ ಮನುಷ್ಯ ಎಂದು ಕಚೇರಿಯಲ್ಲಿ ಎಲ್ಲರೂ ಹೇಳಿದರು. ಭಾನುವಾರ ಅವರ ಮನೆಗೆ ಹೋದೆ. ಸಕ್ಕರೆ ಡಬ್ಬಿಯಲ್ಲಿ ಇರುವೆ ಬಂದಿತ್ತು. ಅವರು ಒಂದೊಂದನ್ನೇ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟು ಬಂದರು. ಅದು ಮುಗಿಯುವವರೆಗೆ ಕಾಫಿಗೆ ಸಕ್ಕರೆ ಬೀಳಲಿಲ್ಲ. ಆದರೂ ಯಾರ ಮುಖದಲ್ಲೂ ಅಸಮಾಧಾನವಿರಲಿಲ್ಲ. ಹೆಂಡತಿ ಲೋಟ ಇಡುತ್ತಾ, “ಇವ್ರು ಒಂದಿನ ದನಿ ಎತ್ತಿದವರಲ್ಲ ಅಕ್ಕ. ಸ್ವಲ್ಪ ಎತ್ತಿದ್ದಿದ್ರೂ ಚೆನ್ನಾಗಿತ್ತು,” ಎಂದರು. ಮೊದಲ ಮಾತನ್ನು ನಾನು ಮನಸ್ಸಿಗೆ ತೆಗೆದುಕೊಂಡೆ. ಎರಡನೆಯದು ಕಿವಿಗೆ ಬಿತ್ತಷ್ಟೆ. ಅಕ್ಕಪಕ್ಕ ನಾಲ್ಕು ಮನೆಯಲ್ಲಿ ವಿಚಾರಿಸಿದೆ. ಎಲ್ಲರದೂ ಒಂದೇ ಮಾತು. ಮಾರನೆಯ ದಿನವೇ ಕಾರು ಬಿಟ್ಟೆ. ಹೇಳಿದ ಹೊತ್ತಿಗೆ ಪಂಪು ಬದಲಾಯಿಸಿ, ತೊಳೆದು, ಒರೆಸಿ ಕೊಟ್ಟರು. ಆಮೆ ಮಾಯವಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ಒಂದು ಕೋಳಿ ಅಡ್ಡ ಬಂತು. ಕಾರು ನಿಂತಿತು. ಸರಿ, ಕೋಳಿಗೆ ನಿಂತಿತು ಎಂದುಕೊಂಡೆ. ಕೋಳಿ ದಾಟಿದ ಮೇಲೂ ಹೊರಡಲಿಲ್ಲ. ಅದರ ಮರಿಗಳು ಹಿಂದೆ ಬರುತ್ತಿದ್ದವು. ಗಡಿಯಾರ ಗೋಪುರದ ವೃತ್ತದಲ್ಲಿ ನಾಲ್ಕೂ ಕಡೆಯ ವಾಹನಗಳು ಹೋಗಿ ಮುಗಿಯಲಿ ಎಂದು ಕಾಯಿತು. ಅವು ಮುಗಿಯುವಂಥವಲ್ಲ. ಮುಂದೆ ಯಾರೋ ಹಿರಿಯರು ಬೆನ್ನು ತುರಿಸಿಕೊಳ್ಳಲು ಕೈ ಎತ್ತಿದರು. ಕಾರು ಅವರ ಮುಂದೆ ನಿಂತು ಹಿಂದಿನ ಬಾಗಿಲು ತೆರೆಯಿತು. ಅವರು ಒಂದು ಕ್ಷಣ ಯೋಚಿಸಿ, ಹತ್ತಿ ಕೂತು, ಮಾರುಕಟ್ಟೆಯವರೆಗೆ ಬಂದರು. ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.

ಆ ವಾರ ಮೇದಿನಿಯನ್ನು ತಪಾಸಣೆಗೆ ಕರೆದುಕೊಂಡು ಹೋದೆ. ಒಂದು ಗಂಟೆಯ ದಾರಿ. ಬೆಳಿಗ್ಗೆ ಹೊರಟವರು ಮುಟ್ಟುವಾಗ ಆಸ್ಪತ್ರೆಯವರು ಊಟಕ್ಕೆ ಎದ್ದಿದ್ದರು. ಗುಡ್ಡದ ಮೇಲೆ ಒಂದು ಕುರಿಮಂದೆ, ಇಳಿಜಾರಿನಲ್ಲಿ ಒಂದು ದಿಬ್ಬಣ, ನಡುವೆ ಎಷ್ಟೋ ಲಾರಿಗಳು. ಎಲ್ಲರಿಗೂ ದಾರಿ ಬಿಟ್ಟೆವು. ದಿಬ್ಬಣದವರು ನಮಗೆ ತಾಂಬೂಲ ಕೊಟ್ಟರು.

“ಅಮ್ಮಾ,” ಎಂದಳು ಮೇದಿನಿ, ಹೊಟ್ಟೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, “ನನ್ನ ಮಗು ಇದೇ ಕಾರಲ್ಲಿ ಹುಟ್ಟಿ, ಇದೇ ಕಾರಲ್ಲಿ ದೊಡ್ಡದಾಗಿ, ಆಸ್ಪತ್ರೆ ಬರೋ ಹೊತ್ತಿಗೆ ಡಾಕ್ಟರೇ ಆಗಿರುತ್ತೆ ಬಿಡು.”

ಅವಳು ನಗುತ್ತಿದ್ದಳು. ಆದರೆ ಒಂದು ಕೈ ಬಾಗಿಲಿನ ಹಿಡಿಯನ್ನು ಬಿಟ್ಟಿರಲಿಲ್ಲ. ಇಷ್ಟೆಲ್ಲ ವಿಚಾರಿಸಿ, ಇಷ್ಟು ಮನೆಗಳ ಕಾಫಿ ಕುಡಿದು, ನಾನು ಆರಿಸಿದ್ದು ಇದನ್ನು. ಸಾಧು ಮನುಷ್ಯನನ್ನು ಹುಡುಕುತ್ತಾ ಹೋದೆನೇ ಹೊರತು ನಮಗೆ ಬೇಕಾದದ್ದು ಸಾಧುತನವೇ ಎಂದು ಕೇಳಿಕೊಳ್ಳಲಿಲ್ಲ.

ಮಾರನೆಯ ದಿನ ನೇಮಿರಾಜರ ಬಳಿ ಹೋದೆ. ಹೇಳಲೇಬೇಕು ಎಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಅವರು ಎದ್ದು ನಿಂತು, “ಕಾರು ಚೆನ್ನಾಗಿದ್ಯಾ ಅಕ್ಕ? ಏನಾದ್ರೂ ಬೇಜಾರಾಯ್ತಾ?” ಎಂದರು. ಅವರ ಕಣ್ಣಿನಲ್ಲಿ ನಿಜವಾದ ಕಳವಳವಿತ್ತು. “ಇಲ್ಲ ಇಲ್ಲ, ತುಂಬಾ ಚೆನ್ನಾಗಿದೆ,” ಎಂದು ಹೇಳಿ ಬಂದುಬಿಟ್ಟೆ.

ನಮ್ಮ ಯಜಮಾನರು ಕುರ್ಚಿಯಿಂದಲೇ, “ಜಗಳ ಆಡೋಕೆ ಹೋದೋಳು ಹೊಗಳಿ ಬಂದ್ಯಾ?” ಎಂದು ಕೇಳಿ, ಫ್ಯಾನಿನ ಜೊತೆಗೇ ನಿದ್ದೆ ಹೋದರು.

ಉಳಿದದ್ದು ಒಂದೇ ಜಾಗ, ಕೆರೆ ಏರಿಯ ಡೀಲರ್. ಅಲ್ಲಿ ಕೆಲಸ ಮಾಡುವವಳು ದಾಕ್ಷಾಯಿಣಿ. ಅವಳ ಬಗ್ಗೆ ಒಬ್ಬರೂ ಒಳ್ಳೆಯ ಮಾತು ಹೇಳಿರಲಿಲ್ಲ. “ಆ ಬಾಯಿಗೆ ಹೆದರಿ ತರಕಾರಿ ಗಾಡಿಯವನು ಅವಳ ಬೀದೀಲಿ ಕೂಗೋದೇ ಇಲ್ಲ ಲೋಲಾಕ್ಷಕ್ಕ. ಕೈಸನ್ನೆ ಮಾಡ್ಕೊಂಡು ಹೋಗ್ತಾನೆ,” ಎಂದಳು ಗುಲಾಬಿ. ಅವಳ ಕೈಯಲ್ಲಿ ಸರ್ವೀಸಾದ ಕಾರುಗಳು ಊರಿಗೇ ಗೊತ್ತು. ಮುಂದಿನವನು ಸ್ವಲ್ಪ ನಿಧಾನಿಸಿದರೆ ತಾವಾಗಿಯೇ ಹಾರ್ನ್ ಹೊಡೆಯುತ್ತವೆ. ಅದು ಹಾರ್ನಿನ ಸದ್ದೇ ಆದರೂ ಬೈಗುಳವೆಂದು ಎಲ್ಲರಿಗೂ ಅರ್ಥವಾಗುತ್ತದೆ.

ಮನೆಗೆ ಹೋಗುವ ಧೈರ್ಯವಾಗದೆ ನೇರ ಸರ್ವೀಸ್ ಸೆಂಟರಿಗೇ ಹೋದೆ. ದಾರಿಯಲ್ಲಿ ಕಾರು ಇಬ್ಬರನ್ನು ಹತ್ತಿಸಿಕೊಂಡಿತ್ತು. ಅವರು ಇಳಿದು ನಮಸ್ಕಾರ ಹೇಳಿ ಹೋಗುವುದನ್ನು ದಾಕ್ಷಾಯಿಣಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

“ನೇಮಿ ಕೈ,” ಎಂದಳು. “ಕಾಫಿ ಕುಡಿಯೋಕೆ ಬಂದ್ರಾ? ಇಲ್ಲಿ ಕಾಫಿ ಇಲ್ಲ. ಗುಣ ನೋಡೋಕೆ ತಾನೆ? ನೋಡಿ. ಇದೇ ಗುಣ.”

ನಾನು ಮಗಳ ವಿಷಯ, ಮಗು ಅಡ್ಡ ಇರುವುದು, ಗುಡ್ಡದ ದಾರಿ ಎಲ್ಲ ಹೇಳಿದೆ. ಹೇಳಿದ್ದನ್ನೇ ಎರಡು ಸಲ ಹೇಳಿದೆನೆಂದು ತೋರುತ್ತದೆ. “ನಿಮ್ಮ ಕೈಯಿಂದ ಒಂದ್ಸಲ ಆ ಪಂಪು ಬಿಚ್ಚಿ ಹಾಕಿಕೊಡಿ. ಬೇಗ ಹೋದ್ರೆ ಸಾಕು,” ಎಂದೆ.

“ಆಗಲ್ಲ.”

“ಯಾಕಮ್ಮ?”

“ನನ್ನ ತಂಗಿ ಸ್ಕೂಟರ್ ಮಾಡಿಕೊಟ್ಟೆ. ಅವಳ ಗಂಡ ಹತ್ತಿದ್ರೆ ಕೆಡವುತ್ತೆ. ಒಳ್ಳೇದೇ ಆಯ್ತು, ಅದು ಬೇರೆ ವಿಷಯ. ಬಸುರಿ ಹೆಂಗಸು ಕೂರೋ ಗಾಡಿ ಇದು. ರೋಡ್ ಹಂಪ್ ಬಂದ್ರೆ ನನ್ನ ಕೈ ಬಿದ್ದ ಗಾಡಿ ನಿಧಾನ ಮಾಡುತ್ತಾ? ಹಾರುತ್ತೆ. ಇನ್ನೆಲ್ಲಾದ್ರೂ ನೋಡ್ಕೊಳ್ಳಿ.”

ಮೂರು ಕಡೆ ಹೋಗಿದ್ದೆ. ತನ್ನ ಕೈ ಬೇಡ ಎಂದು ತಾನಾಗಿ ಹೇಳಿದವಳು ಇವಳೊಬ್ಬಳೇ. ಅದು ಹೊಳೆದ ಮೇಲೆ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಕೂತೇ ಇದ್ದೆ. ಅವಳು ಇನ್ನೊಂದು ಕಾರಿನ ಕೆಲಸ ಮುಗಿಸಿ ಬಂದಳು, ನಾನು ಇನ್ನೂ ಇದ್ದೆ.

“ಏನ್ರೀ, ಇಲ್ಲೇ ಹೆರಿಗೆ ಮಾಡಿಸ್ತೀರಾ?”

“ಇನ್ನೆಲ್ಲಿ ಹೋಗ್ಲಿ? ಉಳಿದಿರೋರು ಯಾರು?”

“ನೀವಿಲ್ವಾ? ಪಂಪಿಗಿರೋದು ನಾಲ್ಕು ಬೋಲ್ಟು, ಎರಡು ಪೈಪು. ನಾನು ಹೇಳ್ತಾ ಹೋಗ್ತೀನಿ. ನೀವು ಬಿಚ್ಚಿ, ನೀವೇ ಹಾಕಿ.”

ನನ್ನ ಕೈ ಆಗದು, ನನ್ನ ಗುಣ ಒಳ್ಳೆಯದಲ್ಲ ಎಂದು ಕೊಡೆಯ ಕಥೆಯನ್ನು ಹೇಳಿದೆ. ಅವಳು ಗಹಗಹಿಸಿ ನಕ್ಕಳು. “ಮೋಡ ಕಂಡ್ರೆ ಬಿಚ್ಚಿಕೊಳ್ತಿತ್ತಾ? ಕೊಡೆ ಅಂದ್ರೆ ಅದು ಕಣ್ರೀ! ನಮ್ಮನೇದು ಮಳೆ ಹೊಯ್ತಿದ್ರೂ ಗೊಣಗಿಕೊಂಡು ಅರ್ಧ ಬಿಚ್ಚುತ್ತೆ.”

“ಕಾರು ಹೊರಡೋದೇ ಇಲ್ಲ ಅಂದ್ರೆ? ನನ್ನ ಹಾಗೆ ಬಾಗಿಲಲ್ಲೇ ನಿಂತುಬಿಟ್ರೆ?”

“ನಿಂತ್ರೆ ಬನ್ನಿ, ನಾನೇ ಮಾಡಿಕೊಡ್ತೀನಿ. ಹಾರಿಕೊಂಡು ಹೋಗಿ,” ಎಂದಳು.

ಬ್ಯಾಟರಿಯ ದೊಡ್ಡ ಕರೆಂಟನ್ನು ಅವಳೇ ಬಂದ್ ಮಾಡಿದಳು. ಅದು ರಿಪೇರಿಯ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಬಾಯಿ ಮಾತ್ರ ಕೆಲಸ ಮಾಡಿತು. ಆ ಕಡೆ ಅಲ್ಲ, ಈ ಕಡೆ. ಅದು ಪೈಪು, ಕುತ್ತಿಗೆ ಹಿಸುಕಬೇಡಿ. ಸ್ಪ್ಯಾನರ್ ಹಿಡಿಯೋದು ಹಾಗಲ್ಲ, ಅದೇನು ಆರತಿ ತಟ್ಟೆಯಾ? ನಾನು ಪಂಪನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ, ಬೋಲ್ಟುಗಳನ್ನು ಬಿಗಿದೆ. ಬಿಗಿಯಾಗಿದೆಯೇ ಎಂದು ನೋಡಿದೆ. ಹಿಂದಕ್ಕೆ ಸರಿದವಳು ಮತ್ತೆ ಹೋಗಿ ನೋಡಿದೆ. “ಸಾಕು, ಅದಕ್ಕೂ ಉಸಿರು ಕಟ್ಟುತ್ತೆ,” ಎಂದು ಅವಳು ಬಾನೆಟ್ ಮುಚ್ಚಲು ಹೇಳಿದಳು. ಮುಚ್ಚಿ, ಮುಚ್ಚಿದೆಯೇ ಎಂದು ಒಮ್ಮೆ ಎಳೆದು ನೋಡಿದೆ.

ಅಲ್ಲಿಂದ ಕಾರು ನನ್ನ ಹಾಗಾಯಿತು. ಬೀಗ ಹಾಕಿದರೆ ಟಿಕ್ ಎನ್ನುತ್ತದೆ, ನಾನು ನಾಲ್ಕು ಹೆಜ್ಜೆ ಹೋದ ಮೇಲೆ ತಾನೇ ಇನ್ನೊಮ್ಮೆ ಟಿಕ್ ಎಂದುಕೊಳ್ಳುತ್ತದೆ. ಚಾರ್ಜು ಸ್ವಲ್ಪ ಇಳಿದರೂ ಮನೆಗೆ ಹೋಗೋಣವೆಂದು ತೆರೆಯ ಮೇಲೆ ಮನೆಯ ದಾರಿಯನ್ನೇ ತೋರಿಸುತ್ತಿರುತ್ತದೆ. ಕಚೇರಿಗೆ ಹೊರಟರೆ ಬೀದಿಯ ತಿರುವಿನವರೆಗೆ ಹೋಗಿ ಹಿಮ್ಮುಖವಾಗಿ ಬಂದು ಗೇಟು ಹಾಕಿದೆಯೇ ಎಂದು ನೋಡುತ್ತದೆ. ರೋಡ್ ಹಂಪ್‌ಗಳ ಮೇಲೆ ಮಾತ್ರ ತುಂಬಿದ ಹಾಲಿನ ಪಾತ್ರೆ ಹೊತ್ತವರಂತೆ ಹೋಗುತ್ತದೆ. ಯಾರು ಕೈ ಎತ್ತಿದರೂ ನಿಲ್ಲುವುದಿಲ್ಲ, ಅಪರಿಚಿತರೆಂದರೆ ಅದಕ್ಕೆ ಹೆದರಿಕೆ. ಮೇದಿನಿ ಎರಡೇ ದಿನ ನೋಡಿ, “ಅಪ್ಪಾ, ಈಗ ಮನೇಲಿ ಅಮ್ಮಂದಿರು ಇಬ್ಬರು,” ಎಂದು ಕೂಗಿ ಹೇಳಿದಳು.

ಒಂದು ಮಂಗಳವಾರ ಬೆಳಿಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದಾಗ ಅಂಗಳದಲ್ಲಿ ಕಾರಿನ ದೀಪಗಳು ಮಿನುಗತೊಡಗಿದವು. ಹಾರ್ನು ಮೆಲ್ಲಗೆ, ಕೆಮ್ಮಿದ ಹಾಗೆ ಕೇಳಿಸಿತು. ಹೋಗಿ ಆಫ್ ಮಾಡಿ ಬಂದೆ. ಮತ್ತೆ ಶುರುವಾಯಿತು. ನಾನೇ ಏನೋ ತಪ್ಪು ಮಾಡಿ ಹಾಕಿದ್ದೇನೆ ಎಂದು ಗಾಬರಿಯಾಗಿ ದಾಕ್ಷಾಯಿಣಿಗೆ ಫೋನ್ ಮಾಡಿದೆ.

“ಅದಕ್ಕೇನು ಬೇಕಂತೆ?” ಎಂದಳು.

“ನನಗೇನು ಗೊತ್ತಮ್ಮ?”

“ನಿಮ್ಮ ಕೈ. ನಿಮಗೆ ಬೆಳಿಗ್ಗೆಯಿಂದ ಏನನ್ನಿಸ್ತಿದೆ?”

“ಮೇದಿನಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಅನ್ನಿಸ್ತಿದೆ. ಆದ್ರೆ ನನಗೆ ದಿನಾ ಹಾಗೇ ಅನ್ಸುತ್ತೆ.”

“ಕಾರಿಗೆ ದಿನಾ ಅನ್ನಿಸಿತ್ತಾ?”

ಇಲ್ಲ. ಅದು ಇವತ್ತೇ. ನಾನು ಫೋನ್ ಇಟ್ಟೆ.

ಮೇದಿನಿ ತಿಂಡಿಯ ತಟ್ಟೆಯ ಮುಂದೆ ಕೂತಿದ್ದಳು. ನೋವಿಲ್ಲ, ಏನಿಲ್ಲ, ಸುಮ್ಮನೆ ಯಾಕೆ ಎಂದು ರಂಪ ಮಾಡಿದಳು. “ದಾರೀಲಿ ತಿನ್ನು,” ಎಂದು ತಟ್ಟೆಯ ಸಮೇತ ಹಿಂದಿನ ಸೀಟಿನಲ್ಲಿ ಕೂರಿಸಿದೆ. ನಮ್ಮ ಯಜಮಾನರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದು ಅವಳ ಪಕ್ಕ ಕೂತರು. ಆ ದಿನ ಕಾರು ಗೇಟು ನೋಡಲು ವಾಪಸು ಬರಲಿಲ್ಲ. ಊರು ದಾಟಿ, ಬಯಲು ದಾಟಿ ಹದವಾದ ವೇಗದಲ್ಲಿ ಹೋಯಿತು. ಗುಡ್ಡದ ಬುಡ ಬಂದಾಗ ನಿಧಾನವಾಯಿತು, ಪಕ್ಕಕ್ಕೆ ಸರಿಯಿತು, ನಿಂತಿತು. ನನ್ನ ಕೈಯ ಕೆಳಗೆ ಸ್ಟೀರಿಂಗು ಮನೆಯ ಕಡೆಗೆ ತಿರುಗತೊಡಗಿತು.

“ಏನಾಯ್ತು?” ಎಂದಳು ಮೇದಿನಿ. ಆ ದನಿ ಮೊದಲಿನಂತಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ತಟ್ಟೆ ಅವಳ ಅಪ್ಪನ ಕೈಯಲ್ಲಿತ್ತು, ಅವಳು ತುಟಿ ಕಚ್ಚಿಕೊಂಡು ಸೀಟನ್ನು ಹಿಡಿದಿದ್ದಳು.

ಏನಾಯಿತೆಂದು ನನಗೆ ಗೊತ್ತಿತ್ತು, ಯಾಕೆಂದರೆ ನನಗೂ ಅದೇ ಆಗಿತ್ತು. ಒಗ್ಗರಣೆ. ಗ್ಯಾಸ್ ಆಫ್ ಮಾಡಿದೆನೇ? ನಲವತ್ತೆಂಟು ವರ್ಷದಿಂದ ಇಂಥ ಪ್ರಶ್ನೆ ಬಂದಾಗಲೆಲ್ಲ ನಾನು ವಾಪಸು ಹೋಗಿದ್ದೇನೆ. ಯಾರು ಏನು ಹೇಳಿದರೂ ಹೋಗಿದ್ದೇನೆ. ಆಕ್ಸಿಲರೇಟರ್ ಒತ್ತಿದೆ. ಕಾರು ನಡುಗಿತೇ ಹೊರತು ಮುಂದೆ ಹೋಗಲಿಲ್ಲ. ಬೈದರೆ ಅದು ಇನ್ನಷ್ಟು ಹೆದರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿ, ಅಡುಗೆಮನೆಯನ್ನು ಜ್ಞಾಪಿಸಿಕೊಂಡೆ. ಫೋನ್ ಇಟ್ಟದ್ದು, ಬಾಣಲೆ ಇಳಿಸಿದ್ದು, ಒಲೆಯ ಗುಂಡಿ ಬೆರಳಿಗೆ ಬಿಸಿ ಹತ್ತಿದ್ದು, ಆಮೇಲೆ ಸಿಲಿಂಡರಿನ ಕಡೆ ಬಗ್ಗಿದ್ದು.

“ಆಫ್ ಮಾಡಿದ್ದೀನಿ,” ಎಂದೆ. “ನಾನೇ ಮಾಡಿದ್ದು. ನೋಡಿದ್ದೀನಿ. ನಡಿ.”

ಹೀಗೆ ಗಟ್ಟಿಯಾಗಿ ನಾನು ಯಾರಿಗೂ ಹೇಳಿದವಳಲ್ಲ, ನನಗೂ ಹೇಳಿಕೊಂಡವಳಲ್ಲ. ಕಾರು ಸ್ವಲ್ಪ ಹೊತ್ತು ಹಾಗೆಯೇ ನಿಂತಿತು. ಆಮೇಲೆ ಸ್ಟೀರಿಂಗು ನೇರವಾಯಿತು. ಗುಡ್ಡ ಹತ್ತಿದೆವು. ಕುರಿಮಂದೆಯ ಪಕ್ಕದಲ್ಲಿ ನುಸುಳಿದೆವು, ಲಾರಿಗಳನ್ನು ದಾಟಿದೆವು, ಪ್ರತಿ ಹಂಪಿನಲ್ಲೂ ಹಾಲಿನ ಪಾತ್ರೆಯಂತೆ ಇಳಿದೆವು. ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಸ್ಟ್ರೆಚರ್ ತರುತ್ತಾ ನೋವು ಯಾವಾಗ ಶುರುವಾಯಿತೆಂದು ಕೇಳಿದರು. ಗುಡ್ಡದ ಬುಡದಲ್ಲಿ ಎಂದೆ. “ಮನೇಲಿ ಶುರುವಾಗಿ ಆಮೇಲೆ ಹೊರಟಿದ್ರೆ ಕಷ್ಟ ಇತ್ತು,” ಎಂದು ಅವರು ಹೇಳಿದ್ದು ಬಾಗಿಲು ಮುಚ್ಚಿಕೊಳ್ಳುವಾಗ ಕೇಳಿಸಿತು. ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು ಮಗು. ತಾಯಿ, ಮಗಳು ಇಬ್ಬರೂ ಚೆನ್ನಾಗಿದ್ದಾರೆ. ನಾನು ಹೊರಗೆ ಬಂದು ಕಾರಿಗೆ ಹೇಳಿದೆ. ಅದು ಒಮ್ಮೆ ಟಿಕ್ ಎಂದಿತು, ಮತ್ತೊಮ್ಮೆ ಎನ್ನಲಿಲ್ಲ.

ಕಾರಿನ ಮುಂದಿನ ಸರ್ವೀಸಿಗೂ ಕೆರೆ ಏರಿಗೇ ಹೋಗುವುದೆಂದು ತೀರ್ಮಾನಿಸಿದ್ದೇನೆ. ಅವಳು ಕೈ ಕಟ್ಟಿಕೊಂಡು ಬೈಯುತ್ತಾಳೆ, ನಾನು ಮಾಡುತ್ತೇನೆ.

ಮೊನ್ನೆ ಸಂಜೆ ಇಬ್ಬರು ಮನೆಗೆ ಬಂದರು. ಒಬ್ಬರು ಹಿರಿಯರು, ಇನ್ನೊಬ್ಬರು ಅವರಿಗಿಂತ ಸ್ವಲ್ಪ ಚಿಕ್ಕವರು. ಹೀಗೇ ಬಂದೆವು ಎಂದು ಕೂತರು. ಗೋಡೆ ನೋಡಿದರು, ಫ್ಯಾನು ನೋಡಿದರು. ಮಗು ಅತ್ತಾಗ ನಾನು ಒಳಗೆ ಎಷ್ಟು ಸಲ ಹೋಗಿ ಬಂದೆನೆಂದು ನೋಡುತ್ತಿದ್ದರೆಂದು ಕಾಣುತ್ತದೆ. ಕಾಫಿ ಕೊಟ್ಟೆ. ಸಕ್ಕರೆ ಸರಿಯಾಗಿದೆಯೇ ಎಂದು ಎರಡು ಸಲ ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರು ಮನೆಯ ಗುಲಾಬಿಯನ್ನು ಆಗಲೇ ವಿಚಾರಿಸಿಕೊಂಡು ಬಂದಿದ್ದರಂತೆ. ಹಿರಿಯರು ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು. ಅವರು ಊರಿನ ಆಂಬುಲೆನ್ಸ್ ನೋಡಿಕೊಳ್ಳುವವರು.

“ದಾಕ್ಷಾಯಿಣಿ ನಿಮ್ಮ ಹೆಸರು ಹೇಳಿದ್ಲು. ನಾಲ್ಕು ಬೋಲ್ಟಿನ ಕೆಲಸ ಅಂತೆ. ಅವಳು ನಿಂತು ಹೇಳ್ತಾಳಂತೆ.”

“ಅಯ್ಯೋ, ನನ್ನ ಕೈ ಒಳ್ಳೇದಲ್ಲ. ಸಿಕ್ಕಾಪಟ್ಟೆ ಹೆದರುತ್ತೆ,” ಎಂದೆ.

“ಅದಕ್ಕೇ ಬಂದಿದ್ದು ಕಣಮ್ಮ,” ಎಂದರು ಅವರು.

ಯೋಚನೆ ಮಾಡಿ ನಾಳೆ ಹೇಳುತ್ತೇನೆ ಎಂದು ಕಳಿಸಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟುತ್ತಿದ್ದರು. ನಾಳೆಯವರೆಗೆ ಆ ಗಾಡಿ ಹಾಗೆಯೇ ಮನೆಮನೆಯ ಮುಂದೆ ನಿಂತುಕೊಂಡು ಓಡಾಡಿದರೆ, ಅಷ್ಟರಲ್ಲಿ ಯಾರಿಗಾದರೂ ಬೇಕಾದರೆ ಏನು ಗತಿ ಎಂದು ನನಗೆ ಎದೆ ಹೊಡೆದುಕೊಳ್ಳತೊಡಗಿತು. ಒಲೆ ಆರಿಸಿ, ಒಂದೇ ಸಲ ನೋಡಿ, ಅವರ ಹಿಂದೆಯೇ ಹೊರಟೆ.